ನೋವಿನ ಗುಳಿಗೆ, ಗ್ಯಾಸಿನ ಗುಳಿಗೆ, ಬಿಪಿ ಗುಳಿಗೆ: ಯಾವುದನ್ನು ಎಷ್ಟು ದಿನ ನೆಚ್ಚಬಹುದು?

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಮನೆಗಳಲ್ಲಿ ಗುಳಿಗೆಗಳ ಬಗ್ಗೆ ಎರಡು ವಿರುದ್ಧ ಮನೋಭಾವಗಳು ಒಂದೇ ಸೂರಿನಡಿ ಇರುತ್ತವೆ. ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ವೈದ್ಯರು ದಿನವೂ ನುಂಗಲು ಬರೆದುಕೊಟ್ಟ ಗುಳಿಗೆಯನ್ನು "ಚಟ ಆಗಿಬಿಡ್ತದ", "ಮೈಗೆ ಉಷ್ಣ ಆಗ್ತದ" ಎಂದು ಕೆಲವೇ ತಿಂಗಳಲ್ಲಿ ಬಿಟ್ಟುಬಿಡುವವರೇ, ಮೊಣಕಾಲು ನೋವಿಗೆಂದು ಮೆಡಿಕಲ್ ಅಂಗಡಿಯಿಂದ ತಂದ ಗುಳಿಗೆಯನ್ನು ಯಾವ ಅಳುಕೂ ಇಲ್ಲದೆ ವರ್ಷಗಟ್ಟಲೆ ನುಂಗುತ್ತಿರುತ್ತಾರೆ. ಅಂಜಿಕೆ ಇರಬೇಕಾದ ಕಡೆ ಧೈರ್ಯವಿದೆ, ಧೈರ್ಯ ಇರಬೇಕಾದ ಕಡೆ ಅಂಜಿಕೆಯಿದೆ. ಈ ಬರಹದಲ್ಲಿ ಮಾಡಿರುವ ಹೋಲಿಕೆಗಳೆಲ್ಲ ಈ ತಲೆಕೆಳಗಾದ ಲೆಕ್ಕವನ್ನು ಸರಿಪಡಿಸುವ ಉದ್ದೇಶದವು.

ಅಂಗಡಿಯ ಮುಂದೆ ನಿಂತಾಗ ನಮ್ಮವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಯಾವುದು ಪವರ್ ಜಾಸ್ತಿ?" ಆಯ್ಕೆಗೆ ನಿಜವಾಗಿ ನೆರವಾಗುವ ಪ್ರಶ್ನೆಗಳು ಬೇರೆ ಮೂರು ಇವೆ. ಇದನ್ನು ಎಷ್ಟು ದಿನ ತೆಗೆದುಕೊಳ್ಳಬೇಕಾಗಬಹುದು, ಹೊಟ್ಟೆಯಲ್ಲಿ ಈಗಾಗಲೇ ಬೇರೆ ಯಾವ ಗುಳಿಗೆಗಳಿವೆ, ಈ ದೇಹ ಇಂದು ಎಷ್ಟು ಬಿಸಿಲಿನಲ್ಲಿ ಎಷ್ಟು ನೀರು ಕುಡಿದು ದುಡಿದಿದೆ. ಮೂರನೆಯ ಪ್ರಶ್ನೆ ಹೊರಗಿನವರಿಗೆ ವಿಚಿತ್ರವೆನಿಸಬಹುದು. ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಮಾಮೂಲಾಗಿರುವ ನಮ್ಮ ನಾಡಿನಲ್ಲಿ ಅದು ಮೂತ್ರಪಿಂಡದ ಅಳಿವು ಉಳಿವಿನ ಪ್ರಶ್ನೆಯಾಗಬಹುದು.

ನೋವು ಮತ್ತು ಜ್ವರ: ಪ್ಯಾರಾಸಿಟಮಾಲೋ, ಡೈಕ್ಲೋಫೆನಾಕೋ?

ಅಂಗಡಿಯಲ್ಲಿ ನೋವಿಗೆ ಸಿಗುವ ಗುಳಿಗೆಗಳ ಹೆಸರು ನೂರಾರು ಇದ್ದರೂ ಒಳಗಿನ ಔಷಧಗಳನ್ನು ನೋಡಿದರೆ ಅವು ಮುಖ್ಯವಾಗಿ ಎರಡು ಕುಟುಂಬಗಳಿಗೆ ಸೇರುತ್ತವೆ. ಒಂದು ಪ್ಯಾರಾಸಿಟಮಾಲ್; ಡೋಲೋ, ಕ್ರೋಸಿನ್, ಕಾಲ್ಪಾಲ್ ಎಂದು ನಾವು ಕರೆಯುವುದೆಲ್ಲ ಇದೇ. ಇನ್ನೊಂದು ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್ ಇವುಗಳ ಕುಟುಂಬ. ಇವು ನೋವಿನ ಜೊತೆಗೆ ಊತವನ್ನೂ ತಗ್ಗಿಸುತ್ತವೆ. ಎರಡನೆಯ ಕುಟುಂಬದ ಗುಳಿಗೆ ನುಂಗಿದವರಿಗೆ "ಇದು ಹಿಡೀತು" ಎನ್ನಿಸುವುದು ಬೇಗ, ಆದ್ದರಿಂದಲೇ ಅದಕ್ಕೆ ಬೇಡಿಕೆ ಹೆಚ್ಚು.

ಪ್ಯಾರಾಸಿಟಮಾಲ್ ಹೊಟ್ಟೆಯ ಒಳಪದರವನ್ನು ಕೆರಳಿಸುವುದಿಲ್ಲ, ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಮೂತ್ರಪಿಂಡಕ್ಕೂ ಹೆಚ್ಚಿನ ತೊಂದರೆ ಮಾಡುವುದಿಲ್ಲ. ಅದರ ಅಪಾಯವಿರುವುದು ಪ್ರಮಾಣ ಮೀರಿದಾಗ, ಮತ್ತು ಆ ಅಪಾಯ ನೇರವಾಗಿ ಯಕೃತ್ತಿಗೆ. ಆರೋಗ್ಯವಂತ ವಯಸ್ಕರಿಗೆ 24 ಗಂಟೆಗಳಲ್ಲಿ 4 ಗ್ರಾಂ ಗರಿಷ್ಠ ಮಿತಿ. 650 ಮಿಲಿಗ್ರಾಮಿನ ಗುಳಿಗೆಯಾದರೆ ಆರು, ಅದೂ ಎರಡು ಗುಳಿಗೆಗಳ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆಗಳ ಅಂತರವಿಟ್ಟು. ಮೈತೂಕ 50 ಕಿಲೋಗಿಂತ ಕಡಿಮೆ ಇರುವವರು, ದಿನವೂ ಮದ್ಯ ಕುಡಿಯುವವರು ಮತ್ತು ಕಾಮಾಲೆಯಾದವರು ಈ ಮಿತಿಯ ಹತ್ತಿರಕ್ಕೂ ಹೋಗಬಾರದು. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ಸಸಿ ನಾಟಿ ಮಾಡುವ ಹೆಣ್ಣುಮಕ್ಕಳಲ್ಲಿ ಅನೇಕರ ತೂಕ ಅಷ್ಟಿರುವುದಿಲ್ಲ ಎಂಬುದನ್ನು ನೆನಪಿಡಬೇಕು. ಮಿತಿ ಮೀರುವುದು ಬಹುತೇಕ ಗೊತ್ತಿಲ್ಲದೆಯೇ: ಜ್ವರಕ್ಕೆ ಒಂದು ಗುಳಿಗೆ, ನೆಗಡಿಗೆ ಇನ್ನೊಂದು, ಮೈಕೈ ನೋವಿಗೆ ಮತ್ತೊಂದು ಎಂದು ತೆಗೆದುಕೊಂಡರೆ ಮೂರರಲ್ಲೂ ಪ್ಯಾರಾಸಿಟಮಾಲ್ ಇರಬಹುದು. ಅತಿಯಾದ ಪ್ರಮಾಣ ಹೊಟ್ಟೆಗೆ ಹೋದ ಮೊದಲ ದಿನ ವಾಂತಿ ಬಿಟ್ಟರೆ ಏನೂ ಕಾಣದಿರಬಹುದು, ಯಕೃತ್ತು ಕೆಟ್ಟಿರುವುದು ಎರಡು ಮೂರು ದಿನಗಳ ನಂತರ ತಿಳಿಯುತ್ತದೆ. ಇದಕ್ಕೆ ಪ್ರತಿವಿಷವಿದೆ, ಎಂಟು ಗಂಟೆಗಳ ಒಳಗೆ ಕೊಟ್ಟರೆ ಅದು ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ. ಹಾಗಾಗಿ ಯಾರಾದರೂ ಮುಷ್ಟಿಗಟ್ಟಲೆ ನುಂಗಿದ್ದಾರೆಂದು ಗೊತ್ತಾದ ಕೂಡಲೇ, ಅವರು ಚೆನ್ನಾಗಿಯೇ ಮಾತಾಡುತ್ತಿದ್ದರೂ, ಆಸ್ಪತ್ರೆಗೆ ಕರೆದೊಯ್ಯಬೇಕು.

ಎರಡನೆಯ ಕುಟುಂಬದ ಸಮಾಚಾರ ಬೇರೆ. ಇವು ನೋವು ಹುಟ್ಟಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳ ತಯಾರಿಯನ್ನೇ ತಡೆಯುತ್ತವೆ. ಜಠರದ ಗೋಡೆಯನ್ನು ಆಮ್ಲದಿಂದ ಕಾಪಾಡುವುದೂ, ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅದೇ ರಾಸಾಯನಿಕಗಳ ಕೆಲಸ. ಆದ್ದರಿಂದ ಮೊಣಕಾಲಿನ ನೋವು ಇಳಿಯುವಾಗಲೇ ಹೊಟ್ಟೆಯಲ್ಲಿ ಹುಣ್ಣು ಏಳಬಹುದು, ಮೂತ್ರಪಿಂಡ ಸೊರಗಬಹುದು, ರಕ್ತದೊತ್ತಡ ಏರಬಹುದು. ಹೃದ್ರೋಗಿಗಳಿಗೆ, ಮುಖ್ಯವಾಗಿ ಡೈಕ್ಲೋಫೆನಾಕಿನಿಂದ, ಹೃದಯಾಘಾತದ ಅಪಾಯವೂ ಹೆಚ್ಚುತ್ತದೆ.

ಬಿಸಿಲಿನ ಮಾತು ಇಲ್ಲಿಗೆ ಬರುತ್ತದೆ. ಯುಗಾದಿಗೆ ಮುಂಚೆ ನಮ್ಮ ಜಿಲ್ಲೆಗಳಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರನ್ನು ನೋಡಿ. ದಿನವಿಡೀ ಬಿಸಿಲಲ್ಲಿ ನಡಿಗೆ, ಬೆವರಿಗೆ ತಕ್ಕಷ್ಟು ನೀರಿಲ್ಲ, ಸಂಜೆ ಕಾಲು ಬಾತಿತೆಂದು ಡೈಕ್ಲೋಫೆನಾಕ್ ಗುಳಿಗೆ ಅಥವಾ ಸೂಜಿ, ಬೆಳಿಗ್ಗೆ ಮತ್ತೆ ನಡಿಗೆ. ಸಂಡೂರಿನ ಗಣಿಗಳಲ್ಲಿ, ತೋರಣಗಲ್ಲಿನ ಉಕ್ಕಿನ ಕುಲುಮೆಗಳ ಬಳಿ, ಬೇಸಿಗೆಯ ಹೊಲಗಳಲ್ಲಿ ದುಡಿಯುವವರದೂ ಇದೇ ಸ್ಥಿತಿ. ನೀರು ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡ ಪ್ರೊಸ್ಟಾಗ್ಲಾಂಡಿನ್ನಿನ ಆಸರೆಯಲ್ಲೇ ಕೆಲಸ ಮಾಡುತ್ತಿರುತ್ತದೆ. ಆ ಹೊತ್ತಿನಲ್ಲಿ ಗುಳಿಗೆ ಆ ಆಸರೆಯನ್ನು ಕಿತ್ತುಕೊಳ್ಳುತ್ತದೆ. ಬಿಪಿಗೆಂದು ಟೆಲ್ಮಿಸಾರ್ಟಾನ್ ಅಥವಾ ಎನಲಾಪ್ರಿಲ್ ಬಗೆಯ ಗುಳಿಗೆಯನ್ನೂ, ಅದರ ಜೊತೆ ಹೈಡ್ರೋಕ್ಲೋರೋಥಯಾಜೈಡಿನಂತಹ ಮೂತ್ರ ಹೆಚ್ಚಿಸುವ ಔಷಧವನ್ನೂ ತೆಗೆದುಕೊಳ್ಳುವವರು ಮೇಲಿಂದ ನೋವಿನ ಗುಳಿಗೆ ನುಂಗಿದರೆ ಮೂರೂ ಕೂಡಿ ಮೂತ್ರಪಿಂಡವನ್ನು ಹಠಾತ್ತನೆ ನಿಲ್ಲಿಸಬಲ್ಲವು. ಈ ಬಿಪಿ ಔಷಧಗಳೆರಡೂ ಒಂದೇ ಗುಳಿಗೆಯಲ್ಲಿ ಸೇರಿ ಬರುವುದುಂಟು. ಹೆಸರಿನ ಕೊನೆಯಲ್ಲಿ ಎಚ್ ಎಂಬ ಅಕ್ಷರವಿದ್ದರೆ ಸಾಮಾನ್ಯವಾಗಿ ಅದರ ಅರ್ಥ ಇದೇ.

ಡೈಕ್ಲೋಫೆನಾಕ್ ಮೂತ್ರಪಿಂಡಕ್ಕೆ ಏನು ಮಾಡಬಲ್ಲದು ಎಂಬುದನ್ನು ನಮ್ಮ ದೇಶ ರಣಹದ್ದುಗಳಲ್ಲಿ ಕಂಡಿದೆ. ಈ ಔಷಧ ಕೊಟ್ಟ ದನಗಳ ಹೆಣ ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಲಕ್ಷಾಂತರ ಸಂಖ್ಯೆಯಲ್ಲಿ ಸತ್ತವು, 2006ರಲ್ಲಿ ಪಶುಗಳಿಗೆ ಇದನ್ನು ಬಳಸುವುದನ್ನು ಭಾರತ ನಿಷೇಧಿಸಿತು. ಮನುಷ್ಯರು ಹದ್ದುಗಳಷ್ಟು ಸೂಕ್ಷ್ಮರಲ್ಲ, ನಿಜ. ಆದರೂ ಆ ಔಷಧವನ್ನು ಕಡಲೆಬೀಜದಂತೆ ಬಾಯಿಗೆ ಹಾಕಿಕೊಳ್ಳುವ ಮುನ್ನ ಇದು ನೆನಪಿಗೆ ಬಂದರೆ ಒಳ್ಳೆಯದು.

ಹಾಗಾದರೆ ಆಯ್ಕೆ ಹೇಗೆ? ಜ್ವರ, ತಲೆನೋವು, ಸಾಮಾನ್ಯ ಮೈಕೈ ನೋವಿಗೆ ಮೊದಲು ಪ್ಯಾರಾಸಿಟಮಾಲ್. ಮಳೆಗಾಲದಲ್ಲಿ ಡೆಂಗಿ ಓಡಾಡುತ್ತಿರುವಾಗಲಂತೂ ಜ್ವರಕ್ಕೆ ಅದೊಂದನ್ನೇ. ಆ ಸಮಯದಲ್ಲಿ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ತೆಗೆದುಕೊಂಡರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಉಳುಕು, ಹಲ್ಲುನೋವು, ಮುಟ್ಟಿನ ನೋವುಗಳಿಗೆ ಎರಡನೆಯ ಕುಟುಂಬದ ಗುಳಿಗೆ ಹೆಚ್ಚು ಉಪಯುಕ್ತ, ಊಟದ ನಂತರ, ಎರಡು ಮೂರು ದಿನ. 60 ದಾಟಿದವರು, ಬಿಪಿ, ಸಕ್ಕರೆ ಅಥವಾ ಮೂತ್ರಪಿಂಡದ ತೊಂದರೆಯುಳ್ಳವರು, ಹಿಂದೆ ಹೊಟ್ಟೆಹುಣ್ಣು ಆದವರು, ಆಸ್ತಮಾ ಇರುವವರು ಮತ್ತು 20 ವಾರ ದಾಟಿದ ಗರ್ಭಿಣಿಯರು ಇವನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು 2011ರಲ್ಲೇ ನಿಷೇಧಿಸಲಾಗಿದೆ. ದೊಡ್ಡವರಿಗೂ ಯಕೃತ್ತಿನ ದೃಷ್ಟಿಯಿಂದ ಅದು ನನ್ನ ಪಟ್ಟಿಯಲ್ಲಿ ಕೊನೆಯದು. ಒಂದೇ ಮೊಣಕಾಲು ಅಥವಾ ಬೆರಳ ಕೀಲುಗಳ ಸವೆತದ ನೋವಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚುವುದು ಗುಳಿಗೆಗಿಂತ ಉತ್ತಮ, ಏಕೆಂದರೆ ಚರ್ಮದ ಮೂಲಕ ರಕ್ತ ಸೇರುವ ಔಷಧ ಬಹಳ ಕಡಿಮೆ. ಹಳ್ಳಿಗಳಲ್ಲಿ ಜೆಲ್ ಎಂದರೆ ಇನ್ನೂ ಸಮಾಧಾನಕ್ಕೆ ಹಚ್ಚುವ ಮುಲಾಮು ಎಂಬ ಭಾವನೆಯಿದೆ, ಅದು ಸರಿಯಲ್ಲ.

ಕುಷ್ಟಗಿ, ಯಲಬುರ್ಗಾ ಮೊದಲಾದ ಕಡೆಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಬರುವ ಕೀಲು ಮತ್ತು ಬೆನ್ನಿನ ಬಿಗಿತ ಇನ್ನೊಂದು ವಿಷಯ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಕುಡಿಯುತ್ತಲೇ ಇರುವವರೆಗೆ ಯಾವ ನೋವಿನ ಗುಳಿಗೆಯೂ ಆ ಬಿಗಿತವನ್ನು ನಿವಾರಿಸದು. ಇಂಥ ಊರುಗಳಲ್ಲಿ ಗುಳಿಗೆಗೆ ಹಾಕುವ ಹಣವನ್ನು ಶುದ್ಧ ನೀರಿನ ಘಟಕದ ಕ್ಯಾನಿಗೆ ಹಾಕುವುದು ಹೆಚ್ಚು ಫಲ ಕೊಡುವ ಚಿಕಿತ್ಸೆ.

ಸೆಟ್ ಗುಳಿಗೆ ಮತ್ತು ಸೂಜಿ

ಕಾಗದದ ಪೊಟ್ಟಣದಲ್ಲಿ ಒಂದು ಬಿಳಿ, ಒಂದು ಹಳದಿ, ಒಂದು ಸಣ್ಣ ಗುಳಿಗೆಯನ್ನು ಕಟ್ಟಿಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ನಡೆದಿದೆ. "ಎರಡೇ ಹೊತ್ತಿಗೆ ಎದ್ದು ಓಡಾಡಿದೆ" ಎಂದು ಹೊಗಳಿಸಿಕೊಳ್ಳುವ ಆ ಸಣ್ಣ ಗುಳಿಗೆ ಅನೇಕ ಸಲ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಅಥವಾ ಪ್ರೆಡ್ನಿಸೋಲೋನ್, ಅಂದರೆ ಸ್ಟೀರಾಯ್ಡ್ ಆಗಿರುತ್ತದೆ. ಉಸಿರಾಟದ ತೀವ್ರ ತೊಂದರೆ, ಕೆಲವು ಕೀಲುರೋಗ ಮತ್ತು ಅಲರ್ಜಿಗಳಲ್ಲಿ ಸ್ಟೀರಾಯ್ಡ್ ಜೀವ ಉಳಿಸುವ ಔಷಧ. ದುಡಿಮೆಯ ದಣಿವಿಗೆ ಅದನ್ನು ಕೊಡುವುದು ಅಪರಾಧಕ್ಕೆ ಸಮ ಎಂದೇ ನಾನು ಭಾವಿಸುತ್ತೇನೆ. ಅದು ಹಸಿವು ಹೆಚ್ಚಿಸಿ, ಮುಖ ದುಂಡಗಾಗಿಸಿ, ಸಕ್ಕರೆ ಏರಿಸಿ, ಎಲುಬನ್ನು ಟೊಳ್ಳು ಮಾಡುತ್ತದೆ. ನೋವಿನ ಗುಳಿಗೆಯ ಜೊತೆ ಸೇರಿದಾಗ ಹೊಟ್ಟೆಹುಣ್ಣಿನ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಕೆಲವು ವಾರ ಸತತವಾಗಿ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಜ್ಞೆ ತಪ್ಪಬಹುದು. ಆದ್ದರಿಂದ ಇಂಥ ಪೊಟ್ಟಣವನ್ನು ಬಹುಕಾಲ ನುಂಗಿದವರು ತಾವಾಗಿ ನಿಲ್ಲಿಸದೆ ಜಿಲ್ಲಾ ಅಥವಾ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಿ ನಿಧಾನವಾಗಿ ಇಳಿಸಿಕೊಳ್ಳಬೇಕು.

ಸೂಜಿಯ ವಿಷಯ ಚಿಕ್ಕದು. ಡೈಕ್ಲೋಫೆನಾಕನ್ನು ಸೂಜಿಯಲ್ಲಿ ಕೊಟ್ಟರೂ ಅದು ರಕ್ತದ ಮೂಲಕವೇ ಜಠರ ಮತ್ತು ಮೂತ್ರಪಿಂಡಗಳನ್ನು ತಲುಪುತ್ತದೆ. ಬಾಯಿಯ ಮೂಲಕ ಹೋಗಲಿಲ್ಲವೆಂದು ಹೊಟ್ಟೆಗೆ ರಿಯಾಯಿತಿ ಸಿಗುವುದಿಲ್ಲ. ವಾಂತಿಯಿಂದ ಗುಳಿಗೆ ನಿಲ್ಲದವರನ್ನು ಬಿಟ್ಟರೆ ಉಳಿದವರಿಗೆ ಸೂಜಿಯಿಂದ ಸಿಗುವ ಲಾಭ ಅಲ್ಪ, ಕೀವು ಮತ್ತು ನರಕ್ಕೆ ಪೆಟ್ಟಾಗುವ ಅಪಾಯ ಹೆಚ್ಚುವರಿ.

ಎದೆ ಉರಿ, ಗ್ಯಾಸ್

ಮಿರ್ಚಿ ಮಂಡಕ್ಕಿಯ ನಾಡಿನಲ್ಲಿ ಹೆಚ್ಚು ಮಾರಾಟವಾಗುವ ಗುಳಿಗೆಗಳಲ್ಲಿ ಗ್ಯಾಸಿನ ಗುಳಿಗೆಯೂ ಒಂದೆಂದರೆ ಆಶ್ಚರ್ಯವಿಲ್ಲ. ಇಲ್ಲಿ ಮೂರು ಮೆಟ್ಟಿಲುಗಳ ಆಯ್ಕೆಯಿದೆ.

ಮೊದಲನೆಯದು ಆಂಟಾಸಿಡ್ ದ್ರಾವಣ, ಚೀಪುವ ಗುಳಿಗೆ ಅಥವಾ ನೊರೆಯೇಳುವ ಪುಡಿ. ಜಠರದಲ್ಲಿ ಈಗಾಗಲೇ ಇರುವ ಆಮ್ಲವನ್ನು ಇವು ತಟಸ್ಥಗೊಳಿಸುತ್ತವೆ, ಕೆಲವೇ ನಿಮಿಷಗಳಲ್ಲಿ ಆರಾಮ ಕೊಡುತ್ತವೆ, ಒಂದೆರಡು ಗಂಟೆಗಳಲ್ಲಿ ಪ್ರಭಾವ ಮುಗಿಯುತ್ತದೆ. ಮೆಗ್ನೀಸಿಯಂ ಇದ್ದದ್ದು ಭೇದಿ ಮಾಡಿಸಬಹುದು, ಅಲ್ಯುಮಿನಿಯಂ ಇದ್ದದ್ದು ಮಲ ಕಟ್ಟಿಸಬಹುದು. ನೊರೆಯೇಳುವ ಪುಡಿಗಳಲ್ಲಿ ಸೋಡಿಯಂ ಇರುವುದರಿಂದ ಬಿಪಿ ಇರುವವರಿಗೆ ಅವು ದಿನನಿತ್ಯದ ಪಾನೀಯವಾಗಬಾರದು. ಎರಡನೆಯದು ಫಾಮೊಟಿಡಿನ್ ಬಗೆಯವು, ಆಮ್ಲದ ಉತ್ಪತ್ತಿಯನ್ನು ಕೆಲವು ಗಂಟೆ ತಗ್ಗಿಸುತ್ತವೆ. ಇದೇ ಗುಂಪಿನ ರಾನಿಟಿಡಿನ್ ದಶಕಗಳ ಕಾಲ ಮನೆಮಾತಾಗಿತ್ತು. ಅದರಲ್ಲಿ ಎನ್‌ಡಿಎಂಎ ಎಂಬ ಕ್ಯಾನ್ಸರ್‌ಕಾರಕ ಎನ್ನಲಾದ ಕಲ್ಮಶ ಕಂಡುಬಂದ ಮೇಲೆ ಅಮೆರಿಕ 2020ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆಸಿತು, ಭಾರತ 2022ರಲ್ಲಿ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದ ಕೈಬಿಟ್ಟಿತು. ಫಾಮೊಟಿಡಿನ್ ಸಿಗುವಾಗ ಹಳೆಯದಕ್ಕೇ ಅಂಟಿಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

ಮೂರನೆಯದು ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್‌ಗಳ ಗುಂಪು. ಹುಣ್ಣು ಮಾಯಿಸುವುದರಲ್ಲಿ ಇವಕ್ಕೆ ಸಾಟಿಯಿಲ್ಲ. ಆದರೆ ಇವು ಕೆಲಸ ಮಾಡಬೇಕಾದರೆ ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗಬೇಕು; ಊಟ ಮುಗಿಸಿ ಎದೆ ಉರಿದಾಗ ನುಂಗುವವರಿಗೆ ಪೂರ್ತಿ ಫಲ ಸಿಗದು. ಇವು ಜಠರದ ಆಮ್ಲ ಪಂಪನ್ನೇ ಮುಚ್ಚುತ್ತವೆ, ವರ್ಷಗಟ್ಟಲೆ ಮುಚ್ಚಿಟ್ಟರೆ ಆಹಾರದಲ್ಲಿನ ಬಿ12 ಜೀವಸತ್ವ ಮತ್ತು ಮೆಗ್ನೀಸಿಯಂ ಸರಿಯಾಗಿ ಮೈಗೆ ಹತ್ತುವುದಿಲ್ಲ, ಕರುಳಿನ ಸೋಂಕು ಮತ್ತು ಎಲುಬು ಮುರಿತದ ಸಾಧ್ಯತೆ ತುಸು ಹೆಚ್ಚುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಅದೂ ಬಿ12 ಕಡಿಮೆ ಮಾಡುವುದರಿಂದ, ಮಾಂಸ ಮೊಟ್ಟೆ ಮುಟ್ಟದ ಮನೆಗಳವರು ಎರಡನ್ನೂ ಒಟ್ಟಿಗೆ ವರ್ಷಗಟ್ಟಲೆ ನುಂಗುತ್ತಿದ್ದರೆ ಪಾದ ಜೋಮು ಹಿಡಿಯುವುದನ್ನು ಬರೀ ಸಕ್ಕರೆಯ ಲೆಕ್ಕಕ್ಕೆ ಬರೆಯದೆ ಬಿ12 ಪರೀಕ್ಷೆಯನ್ನೂ ಮಾಡಿಸಬೇಕು. ಇನ್ನೊಂದು ತೊಡಕಿದೆ: ತಿಂಗಳುಗಟ್ಟಲೆ ತೆಗೆದುಕೊಂಡು ಒಮ್ಮೆಲೇ ನಿಲ್ಲಿಸಿದರೆ ಆಮ್ಲ ಮೊದಲಿಗಿಂತ ಹೆಚ್ಚಾಗಿ ಉಕ್ಕುತ್ತದೆ. ರೋಗಿ ಅದನ್ನು "ಗುಳಿಗೆ ಬಿಟ್ಟರೆ ಆಗುವುದಿಲ್ಲ" ಎಂದು ತಿಳಿದು ಮತ್ತೆ ಶುರು ಮಾಡುತ್ತಾನೆ. ದಿನ ಬಿಟ್ಟು ದಿನಕ್ಕೆ ಇಳಿಸಿ, ನಡುವಿನ ದಿನಗಳಲ್ಲಿ ಮೊದಲ ಮೆಟ್ಟಿಲಿನ ಔಷಧ ಬಳಸಿ ಎರಡು ಮೂರು ವಾರ ದಾಟಿಸಿದರೆ ಬಹುತೇಕರು ಇದರಿಂದ ಹೊರಬರುತ್ತಾರೆ.

ವಾರಕ್ಕೊಮ್ಮೆ ಎದೆ ಉರಿಯುವವರಿಗೆ ಮೊದಲ ಮೆಟ್ಟಿಲು ಸಾಕು. ವೈದ್ಯರೇ ನೋವಿನ ಗುಳಿಗೆಯನ್ನೋ ಆಸ್ಪಿರಿನ್ನನ್ನೋ ದೀರ್ಘಕಾಲಕ್ಕೆ ಬರೆದಿರುವ ವಯಸ್ಸಾದವರಿಗೆ ಮೂರನೆಯದು ರಕ್ಷಣೆಯಾಗಿಯೇ ಬೇಕು. ಮಲ ಡಾಂಬರಿನಷ್ಟು ಕಪ್ಪಾದರೆ, ನುಂಗುವಾಗ ಸಿಕ್ಕಿಕೊಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಅಥವಾ ನಡೆಯುವಾಗ ಬಂದ ಎದೆಯುರಿ ನಿಂತಾಗ ಹೋದರೆ ಯಾವ ಮೆಟ್ಟಿಲೂ ಬೇಡ, ನೇರ ಆಸ್ಪತ್ರೆ. ಕೊನೆಯ ಲಕ್ಷಣ ಹೃದಯದ್ದಾಗಿರಬಹುದು.

ನೆಗಡಿ

ಇಲ್ಲಿ ಹೆಚ್ಚು ಯೋಚನೆ ಬೇಕಿಲ್ಲ. ಕ್ಲೋರ್‌ಫೆನಿರಮಿನ್ ಇರುವ ಹಳೆಯ ಗುಳಿಗೆಗಳು ನಿದ್ದೆ ತರುತ್ತವೆ, ಸೆಟಿರಿಜಿನ್ ಅದಕ್ಕಿಂತ ಕಡಿಮೆ, ಫೆಕ್ಸೊಫೆನಡಿನ್ ಎಲ್ಲಕ್ಕಿಂತ ಕಡಿಮೆ. ಟಿಪ್ಪರ್, ಟ್ರ್ಯಾಕ್ಟರ್, ಭತ್ತ ಕೊಯ್ಯುವ ಯಂತ್ರ ಓಡಿಸುವವರು ಮೊದಲನೆಯದನ್ನು ಹಗಲು ನುಂಗಲೇಬಾರದು. ಮೂಗು ಕಟ್ಟಿದ್ದಕ್ಕೆ ಫಿನೈಲೆಫ್ರಿನ್ ಸೇರಿಸಿದ ಗುಳಿಗೆಗಳು ಬಿಪಿ ಏರಿಸಬಹುದು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಎರಡೂ ಕೂಡಿದ ನೆಗಡಿ ಔಷಧಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು 2023ರ ಡಿಸೆಂಬರಿನಲ್ಲಿ ಕೇಂದ್ರ ಔಷಧ ನಿಯಂತ್ರಕರು ಸೂಚಿಸಿದ್ದಾರೆ. ಕಟ್ಟಿದ ಮೂಗು ಬಿಡಿಸುವ ಔಷಧದ ಹನಿಗಳನ್ನು ಐದು ದಿನ ಮೀರಿ ಬಳಸಿದರೆ ಮೂಗು ಆ ಹನಿಯಿಂದಲೇ ಕಟ್ಟಿಕೊಳ್ಳಲು ಶುರುವಾಗುತ್ತದೆ. ಮಕ್ಕಳ ಜ್ವರದ ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವುದೂ 250 ಇರುವುದೂ ಅಂಗಡಿಯಲ್ಲಿ ಒಟ್ಟಿಗೇ ಇರುತ್ತವೆ. ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ ಎಂಬ ಲೆಕ್ಕವನ್ನು ಬಾಟಲಿಯ ಮೇಲಿನ ಸಂಖ್ಯೆ ನೋಡಿಯೇ ಹಾಕಬೇಕು, "ಹೋದ ಸಲ ಒಂದು ಮುಚ್ಚಳ ಕುಡಿಸಿದ್ದೆ" ಎಂಬ ನೆನಪಿನಿಂದಲ್ಲ.

ವಾಂತಿ ಭೇದಿ: ಪುಡಿ, ಗುಳಿಗೆ, ಬಾಟಲಿ

ಓಆರ್‌ಎಸ್ ಪುಡಿ ಅಗ್ಗವೆಂಬ ಕಾರಣಕ್ಕೇ ಅದಕ್ಕೆ ಮರ್ಯಾದೆ ಕಡಿಮೆ. ಭೇದಿಯಲ್ಲಿ ಕೊಲ್ಲುವುದು ನೀರು ಮತ್ತು ಲವಣದ ನಷ್ಟ, ಅದನ್ನು ತುಂಬುವುದು ಈ ಪುಡಿಯೇ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಇರುತ್ತವೆ. ಪೊಟ್ಟಣ 200 ಮಿಲಿಲೀಟರಿನದೋ ಒಂದು ಲೀಟರಿನದೋ ನೋಡಿ ಅಷ್ಟೇ ನೀರಿಗೆ ಬೆರೆಸಬೇಕು, 24 ಗಂಟೆಗಳಲ್ಲಿ ಮುಗಿಸಬೇಕು. ಪುಡಿ ಸಿಗದಿದ್ದರೆ ಲೀಟರ್ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಓಆರ್‌ಎಸ್ ಎಂಬ ಹೆಸರು ಹೊತ್ತು ಮಾರಾಟವಾಗುತ್ತಿದ್ದ ಸಕ್ಕರೆ ಪಾನೀಯಗಳು ಆ ಹೆಸರು ಬಳಸದಂತೆ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ತಡೆದಿದೆ. ಡಬ್ಬಿಯಲ್ಲಿ ಸಿಹಿ ಪಾನೀಯ ಕೊಡಲು ಬಂದರೆ ಬೇಡವೆನ್ನಿ. ಮಕ್ಕಳಿಗೆ ಇದರ ಜೊತೆ ಜಿಂಕ್ ಗುಳಿಗೆ 14 ದಿನ, ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ 10.

ಲೋಪೆರಮೈಡ್ ಗುಳಿಗೆ ಭೇದಿಯನ್ನು ನಿಲ್ಲಿಸಿದಂತೆ ಕಂಡರೂ ಅದು ಮಾಡುವುದು ಕರುಳಿನ ಚಲನೆಯನ್ನು ನಿಧಾನಿಸುವುದನ್ನಷ್ಟೇ. ಬಸ್ ಪ್ರಯಾಣ ಅನಿವಾರ್ಯವಾದ ಆರೋಗ್ಯವಂತ ವಯಸ್ಕರಿಗೆ ಒಂದು ದಿನಕ್ಕೆ ಸರಿ. ಜ್ವರವಿದ್ದರೆ, ಮಲದಲ್ಲಿ ರಕ್ತವಿದ್ದರೆ ಅಪಾಯಕಾರಿ. ಮಕ್ಕಳಿಗೆ ಬೇಡವೇ ಬೇಡ. ಎರಡು ಪ್ರತಿಜೀವಕಗಳನ್ನು (ಆಂಟಿಬಯೋಟಿಕ್) ಕೂಡಿಸಿದ ಗುಳಿಗೆಯನ್ನು ಭೇದಿ ಶುರುವಾದ ದಿನವೇ ನುಂಗುವುದು ನಮ್ಮಲ್ಲಿ ವಾಡಿಕೆ. ನೀರಿನಂತಹ ಸಾಮಾನ್ಯ ಭೇದಿ ಬಹುತೇಕ ತಾನಾಗಿಯೇ ನಿಲ್ಲುತ್ತದೆ, ಶ್ರೇಯಸ್ಸು ಗುಳಿಗೆಗೆ ಹೋಗುತ್ತದೆ. ಹಾಳೆಯ ಹಿಂಬದಿಯಲ್ಲಿ ಕೆಂಪು ಗೆರೆಯಿರುವ ಗುಳಿಗೆಗಳನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು ಎಂಬುದು ಆ ಗೆರೆಯ ಅರ್ಥ.

ಸುಸ್ತಿಗೆಲ್ಲ "ಒಂದು ಬಾಟಲಿ ಏರಿಸಿ" ಎನ್ನುವುದು ನಮ್ಮ ಭಾಗದ ದೊಡ್ಡ ರೂಢಿ. ಬಾಯಿಂದ ಕುಡಿಯಲಾಗದವರಿಗೆ, ಕಣ್ಣು ಗುಳಿಬಿದ್ದು ಮೂತ್ರ ನಿಂತವರಿಗೆ ಶಿರೆಯ ದ್ರಾವಣ ಪ್ರಾಣ ಉಳಿಸುತ್ತದೆ. ಕುಡಿಯಬಲ್ಲವರಿಗೆ ಅದು ನೀರು, ಉಪ್ಪು, ಸಕ್ಕರೆಗಿಂತ ಹೆಚ್ಚೇನನ್ನೂ ಕೊಡುವುದಿಲ್ಲ. ನೇರವಾಗಿ ರಕ್ತ ಸೇರುವ ಯಾವ ವಸ್ತುವಿನ ಗುಣಮಟ್ಟವೂ ಎಷ್ಟು ಮುಖ್ಯವೆಂಬುದನ್ನು 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ನಂತರ ಸಂಭವಿಸಿದ ತಾಯಂದಿರ ಸಾವುಗಳು, ಮತ್ತು ಆಗ ಶಿರೆಯ ದ್ರಾವಣದ ಬಗ್ಗೆ ಎದ್ದ ಪ್ರಶ್ನೆಗಳು ನಮ್ಮೆಲ್ಲರಿಗೂ ತಿಳಿಸಿವೆ. ಅಗತ್ಯವಿಲ್ಲದ ಬಾಟಲಿಗೆ ಕೈಯೊಡ್ಡುವವರು ಆ ಅಪಾಯವನ್ನು ಸುಮ್ಮನೆ ಕೊಳ್ಳುತ್ತಾರೆ.

ದಿನವೂ ನುಂಗಲೇಬೇಕಾದವು

ಈಗ ಅಂಜಿಕೆಯ ಇನ್ನೊಂದು ಮಗ್ಗುಲು. ಬಿಪಿಯ ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಥೈರಾಯ್ಡಿನ ಥೈರಾಕ್ಸಿನ್ ಮುಂತಾದವುಗಳಿಗೆ ಚಟ ಹತ್ತುವುದಿಲ್ಲ. ಬಿಟ್ಟಾಗ ಒತ್ತಡ ಏರುವುದು ಗುಳಿಗೆಯ ಚಟದಿಂದಲ್ಲ. ರೋಗ ಅಲ್ಲಿಯೇ ಇತ್ತು, ಗುಳಿಗೆ ಅದನ್ನು ಹಿಡಿದಿಟ್ಟಿತ್ತು. ನಿಜವಾಗಿ ಚಟ ಹತ್ತಿಸುವ ಗುಳಿಗೆಗಳೆಂದರೆ ನಿದ್ದೆಗೆಂದು ಕೇಳಿ ಪಡೆಯುವ ಅಲ್ಪ್ರಜೋಲಾಮ್ ಮುಂತಾದವು. ಅವುಗಳ ಬಗ್ಗೆ ಯಾರೂ "ಉಷ್ಣ" ಎಂದು ದೂರಿದ್ದನ್ನು ನಾನು ಕೇಳಿಲ್ಲ.

ದಿನದ ಗುಳಿಗೆಗಳಿಗೂ ತೊಡಕುಗಳಿವೆ. ಅಮ್ಲೋಡಿಪಿನ್ ಕೆಲವರಿಗೆ ಪಾದ ಬಾವು ತರುತ್ತದೆ. ಎನಲಾಪ್ರಿಲ್ ಒಣಕೆಮ್ಮು ತರುತ್ತದೆ. ಸಕ್ಕರೆ ಕಾಯಿಲೆಯ ಗ್ಲಿಮಿಪಿರೈಡ್ ಊಟ ತಪ್ಪಿದಾಗ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ, ಆದ್ದರಿಂದ ಶಿವರಾತ್ರಿ, ಏಕಾದಶಿ, ರಂಜಾನ್ ಉಪವಾಸಕ್ಕೆ ಮೊದಲೇ ವೈದ್ಯರಲ್ಲಿ ಪ್ರಮಾಣ ಬದಲಿಸಿಕೊಳ್ಳಬೇಕು. ವಾಂತಿ ಭೇದಿಯಿಂದ ನೀರು ಕಳೆದುಕೊಂಡ ದಿನಗಳಲ್ಲಿ ಮೆಟ್‌ಫಾರ್ಮಿನ್ ಮತ್ತು ಕೆಲವು ಬಿಪಿ ಗುಳಿಗೆಗಳನ್ನು ತಾತ್ಕಾಲಿಕವಾಗಿ ತಡೆಯಬೇಕಾಗಬಹುದು. ಆ ದಿನ ಆಸ್ಪತ್ರೆಗೆ ಹೋದಾಗ ಇದನ್ನು ತಪ್ಪದೆ ಕೇಳಿ. ಆದರೆ ತೂಗಿ ನೋಡಿದರೆ ಪಾದದ ಬಾವಿಗೆ ಬದಲಿ ಗುಳಿಗೆಯಿದೆ, ಪಾರ್ಶ್ವವಾಯು ಹೊಡೆದ ಕೈಗೆ ಬದಲಿ ಕೈಯಿಲ್ಲ. ಈ ಗುಳಿಗೆಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತವೆ. ಸಕ್ಕರೆ ಅಥವಾ ಬಿಪಿ ಇರುವವರು ವರ್ಷಕ್ಕೊಮ್ಮೆಯಾದರೂ ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು. ಅದರೊಂದಿಗೆ ನೋವಿನ ಗುಳಿಗೆಯನ್ನೂ ನುಂಗುವವರಿಗೆ ಇದು ಇನ್ನೂ ಅಗತ್ಯ.

ಕಂಪನಿ ಹೆಸರಿನದೋ, ಜನೌಷಧಿಯದೋ

ಜನೌಷಧಿ ಕೇಂದ್ರದ ಗುಳಿಗೆಯಲ್ಲಿ ಔಷಧ ಅದೇ, ಪ್ರಮಾಣ ಅದೇ, ಬೆಲೆ ಹೆಸರಾಂತ ಕಂಪನಿಯದರ ಅರ್ಧಕ್ಕಿಂತಲೂ ಕಡಿಮೆ ಇರುವುದು ಸಾಮಾನ್ಯ. ಬಿಪಿ, ಸಕ್ಕರೆ, ಕೊಲೆಸ್ಟೆರಾಲ್ ಗುಳಿಗೆಗಳಂತಹ ಆಜೀವ ಖರ್ಚಿಗೆ ಅದನ್ನೇ ಆರಿಸಿಕೊಳ್ಳಿ, ತಿಂಗಳ ನಂತರ ಬಿಪಿ ಅಥವಾ ಸಕ್ಕರೆ ಅಳೆಸಿ ಖಚಿತಪಡಿಸಿಕೊಳ್ಳಿ ಎಂಬುದು ನನ್ನ ಸಲಹೆ. ಮೂರ್ಛೆರೋಗದ ಮತ್ತು ಥೈರಾಯ್ಡಿನ ಗುಳಿಗೆಗಳಲ್ಲಿ ಮಾತ್ರ ಒಂದರಿಂದ ಇನ್ನೊಂದಕ್ಕೆ ಪದೇಪದೇ ಬದಲಾಯಿಸದೆ ಒಂದೇ ತಯಾರಿಕೆಗೆ ನಿಲ್ಲುವುದು ಲೇಸು.

ಹೆಸರಿಗಿಂತ ಹೆಚ್ಚು ಗಮನಿಸಬೇಕಾದದ್ದು ಕೂಡಿಸಿದ ಗುಳಿಗೆಗಳನ್ನು. ವೈದ್ಯಕೀಯ ಸಮರ್ಥನೆಯಿಲ್ಲದ ಇಂಥ ಮಿಶ್ರಣಗಳಲ್ಲಿ 156ನ್ನು ಕೇಂದ್ರ ಸರ್ಕಾರ 2024ರ ಆಗಸ್ಟಿನಲ್ಲಿ ನಿಷೇಧಿಸಿತು. ಅಸೆಕ್ಲೋಫೆನಾಕ್ 50 ಮತ್ತು ಪ್ಯಾರಾಸಿಟಮಾಲ್ 125 ಮಿಲಿಗ್ರಾಮಿನ ಮಿಶ್ರಣವೂ ಆ ಪಟ್ಟಿಯಲ್ಲಿತ್ತು. ಒಂದೊಂದೇ ಔಷಧವಿರುವ ಗುಳಿಗೆ ಕೇಳಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಮೈ ಕೆರೆಯಿತು ಎಂಬುದು ತಿಳಿಯುತ್ತದೆ.

ಎರಡು ಗುಳಿಗೆ ಬಿಡಿಯಾಗಿ ಕೊಳ್ಳುವಾಗ ಅಂಗಡಿಯವರು ಕತ್ತರಿಸಿಕೊಡುವ ತುಣುಕಿನಲ್ಲಿ ಹೆಸರೂ ಇರುವುದಿಲ್ಲ, ಅವಧಿ ಮುಗಿಯುವ ದಿನಾಂಕವೂ ಇರುವುದಿಲ್ಲ. ಎರಡನ್ನೂ ಆ ತುಣುಕಿನ ಜೊತೆಗಿನ ಲಕೋಟೆಯ ಮೇಲೆ ಬರೆಸಿಕೊಳ್ಳಿ, ಇಲ್ಲವೇ ಅಂಗಡಿಯಲ್ಲೇ ಮೊಬೈಲಿನಲ್ಲಿ ಪೂರ್ತಿ ಹಾಳೆಯ ಚಿತ್ರ ತೆಗೆದುಕೊಳ್ಳಿ. ಮರುದಿನ ಮೈಮೇಲೆ ಗಂಧೆ ಎದ್ದರೆ ವೈದ್ಯರು ಮೊದಲು ಕೇಳುವುದು ಆ ಹೆಸರನ್ನೇ. ಮನೆಯಲ್ಲಿ ಗುಳಿಗೆಗಳನ್ನು ತಗಡಿನ ಸೂರಿನ ಕೆಳಗಿನ ನಾಗಂದಿಗೆಯಲ್ಲಿಯೋ ಒಲೆಯ ಪಕ್ಕದ ಗೂಡಿನಲ್ಲಿಯೋ ಇಡಬೇಡಿ, ಬಹುತೇಕ ಹಾಳೆಗಳ ಮೇಲೆ 25 ಅಥವಾ 30 ಡಿಗ್ರಿಗಿಂತ ಕೆಳಗೆ ಇಡಿ ಎಂದೇ ಅಚ್ಚಾಗಿರುತ್ತದೆ. ಇನ್ಸುಲಿನ್ ಬಳಸುವವರು ತೆರೆಯದ ಬಾಟಲಿಯನ್ನು ಶೀತಕಪಾಟಿನ ಬಾಗಿಲಿನಲ್ಲಿಡಬೇಕು, ಮೇಲಿನ ಹಿಮದ ಖಾನೆಯಲ್ಲಿ ಎಂದಿಗೂ ಇಡಬಾರದು. ಶೀತಕಪಾಟು ಇಲ್ಲದ ಮನೆಗಳಲ್ಲಿ ಬಳಕೆಯಲ್ಲಿರುವ ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಒದ್ದೆ ಮರಳು ತುಂಬಿದ ದೊಡ್ಡ ಮಡಕೆಯೊಳಗಿನ ಚಿಕ್ಕ ಮಡಕೆಯಲ್ಲಿಟ್ಟು, ಮರಳಿಗೆ ದಿನಕ್ಕೆರಡು ಸಲ ನೀರು ಚಿಮುಕಿಸುತ್ತಿದ್ದರೆ ಬೇಸಿಗೆಯಲ್ಲೂ ಅದು ಕೆಡದೆ ಉಳಿಯುತ್ತದೆ.